ರಾಯನು ಹೊಸ ಪಟ್ಟಣವನ್ನು ನೆಲೆಗೊಳಿಸಿದ ಬಗೆ

ಹೊಸಪೇಟೆಯಿಂದ ದಕ್ಷಿಣದ ತಾಲ್ಲೂಕುಗಳಿಗೆ ಹೋಗುವ ಹಳೆಯ ಹೆದ್ದಾರಿಯು ಸಂಡೂರಿನ ಬೆಟ್ಟಗಳ ಬಾಯಲ್ಲಿ ಒಂದು ಭಾರಿ ಏರಿಯ ಮೇಲೆ ಹಾದುಹೋಗುತ್ತದೆ. ಅದು ಶ್ರೀಕೃಷ್ಣದೇವರಾಯನು ಕಟ್ಟಿಸಿದ ಕೆರೆಯ ಏರಿಯೆಂಬುದನ್ನು ಅದರ ಮೇಲೆ ಮೋಟಾರು ಓಡಿಸುವವರಲ್ಲಿ ಎಷ್ಟು ಮಂದಿ ಬಲ್ಲರೋ ಕಾಣೆವು. ಬಡವರ ವಸತಿಗೆಂದು ಬಂದ ದ್ರವ್ಯವನ್ನು ನಗರಸಭೆಗಳು ಯಾವುದಕ್ಕೆ ವೆಚ್ಚಮಾಡಬೇಕೆಂಬ ಚರ್ಚೆಯು ಎಲ್ಲೆಡೆಯೂ ನಡೆದಿರುವಾಗ, ಆ ಮಹಾರಾಜನ ಚರಿತ್ರೆಯ ಈ ಭಾಗವನ್ನು ವಾಚಕರ ಮುಂದಿಡಬಯಸುತ್ತೇವೆ.

ತುಳುವ ನರಸನಾಯಕನಿಗೂ ನಾಗಲಾಂಬಿಕೆಗೂ ಜನಿಸಿದ ಕೃಷ್ಣದೇವರಾಯನು ಅಣ್ಣನಾದ ವೀರನರಸಿಂಹನ ತರುವಾಯ 1509ರಲ್ಲಿ ಪಟ್ಟಕ್ಕೆ ಬಂದನು. 1514ರಲ್ಲಿ ಉದಯಗಿರಿಯನ್ನೂ 1515ರಲ್ಲಿ ಕೊಂಡವೀಡನ್ನೂ ಗೆದ್ದನು; 1520ರಲ್ಲಿ ರಾಯಚೂರು ಅವನ ವಶವಾಯಿತು. ಈ ದಂಡಯಾತ್ರೆಗಳ ಕಥೆಯನ್ನು ಶಾಲೆಯ ಹುಡುಗರೂ ಬಲ್ಲರಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಇವುಗಳ ಬಿಡುವಿನಲ್ಲಿ ಅವನು ರಾಜಧಾನಿಯ ನೈಋತ್ಯಕ್ಕೆ ನಾಗಲಾಪುರವೆಂಬ ಪಟ್ಟಣವನ್ನು ಕಟ್ಟಿಸಿದನು. ಆ ನಾಗಲೆಯು ತಾಯಿಯೋ ಪ್ರಿಯಪತ್ನಿಯೋ ಎಂದು ವಿದ್ವಾಂಸರು ವಾದಿಸುತ್ತಿರಲಿ. ಜನರು ಆ ಹೆಸರನ್ನೇ ಬಿಟ್ಟು ಊರನ್ನು ಹೊಸಪೇಟೆಯೆಂದು ಕರೆದರು.

ಪಟ್ಟಣಕ್ಕೆ ನೀರು ಬೇಕಾಗಿತ್ತು. ಎರಡು ಬೆಟ್ಟಗಳ ನಡುವಣ ಕಣಿವೆಗೆ ಏರಿ ಹಾಕಿಸಲು ರಾಯನು ಗೋವೆಯಿಂದ ಜೊವಾಂವ್ ದೆ ಲಾ ಪೋಂತೆ ಎಂಬ ಪೋರ್ಚುಗೀಜ ಶಿಲ್ಪಿಯನ್ನು ಕರೆಸಿದನು. ಆ ಕಾಲದಲ್ಲಿ ಬಂದ ಪ್ರವಾಸಿ ಪಾಯೆಸನು ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಆಳುಗಳು ದುಡಿಯುತ್ತಿದ್ದುದನ್ನು ಕಂಡನು. ಏರಿಯು ಪದೇ ಪದೇ ಕುಸಿಯಿತು. ಆಗ ದೈವಕ್ಕೆ ರಕ್ತಬಲಿಯಾಗಬೇಕೆಂದು ಹೇಳಿದವರ ಮಾತಿಗೆ ರಾಯನು ಒಪ್ಪಿದನೆಂದೂ, ಮರಣದಂಡನೆಗೆ ಗುರಿಯಾದ ಸೆರೆಯಾಳುಗಳ ತಲೆಗಳು ಅಲ್ಲಿ ಉರುಳಿದವೆಂದೂ ಪೋರ್ಚುಗೀಜರ ಬರಹಗಳಿಂದ ತಿಳಿಯುತ್ತದೆ. ಇದನ್ನು ಮರೆಮಾಚಿ ರಾಯನ ಗುಣಗಾನ ಮಾಡುವುದು ನಮಗೆ ಒಪ್ಪಿಗೆಯಿಲ್ಲ.

ಕೆರೆ ತುಂಬಿದ ಮೇಲೆ ಅವನು ಮಾಡಿದ ಏರ್ಪಾಡು ಮಾತ್ರ ಗಮನಾರ್ಹವಾದುದು. ಆ ನೀರು ಹರಿಯುವ ಭೂಮಿಯನ್ನು ಜನರಿಗೆ ಕೊಟ್ಟು, ಅದನ್ನು ಅವರು ಹದಮಾಡಿಕೊಳ್ಳುವವರೆಗೆ, ಒಂಬತ್ತು ವರ್ಷಗಳ ಕಾಲ, ಕಂದಾಯವನ್ನು ಬಿಟ್ಟನು. ಮುಂದೆ ಆ ಭೂಮಿಯಿಂದಲೇ ಬೊಕ್ಕಸಕ್ಕೆ 20,000 ವರಹಗಳ ಹುಟ್ಟುವಳಿಯಾಯಿತೆಂದು ನೂನಿಜನು ಬರೆದಿದ್ದಾನೆ. ಪಟ್ಟಣದೊಳಗೆ ಕೋಟೆಗೋಡೆಯನ್ನೂ, 4,700 ಹೆಜ್ಜೆ ಉದ್ದ 40 ಹೆಜ್ಜೆ ಅಗಲದ ಬೀದಿಯನ್ನೂ ಮಾಡಿಸಿ, ಅರಮನೆಗಳನ್ನು ಕಟ್ಟಿಕೊಳ್ಳುವ ಹೊರೆಯನ್ನು ರಾಜ್ಯದ ಶ್ರೀಮಂತರ ಮೇಲೆಯೇ ಹೊರಿಸಿದನು. ತೆಲುಗಿನಲ್ಲಿ ರಚಿಸಿದ ಆಮುಕ್ತಮಾಲ್ಯದದಲ್ಲಿಯೂ, ಕೆರೆಕಾಲುವೆಗಳನ್ನು ಹೆಚ್ಚಿಸಿ ಬಡ ಒಕ್ಕಲಿಗನ ತೆರಿಗೆಯನ್ನು ಇಳಿಸಬೇಕೆಂಬ ರಾಜನೀತಿಯನ್ನು ಅವನು ಹೇಳಿದ್ದಾನೆ.

ಕೂಲಿಯಾಳಿನ ಗುಡಿಸಲಿಗೆ ರಾಯನು ಏನು ಕೊಟ್ಟನೆಂಬುದನ್ನು ಆ ಪ್ರವಾಸಿಗಳು ಬರೆಯಲಿಲ್ಲ. ಏರಿಗೆ ಮಣ್ಣು ಹೊತ್ತವನಿಗೆ ಹೊಸ ಬೀದಿಯಲ್ಲಿ ಜಾಗ ಸಿಕ್ಕಿತೇ? ಆ ಪ್ರಶ್ನೆಯು ಇಂದಿಗೂ ನಿಂತೇ ಇದೆ.

ಅವನ ಕೊನೆಯ ದಿನಗಳು ಸುಖದವಲ್ಲ. 1524ರಲ್ಲಿ ಮಗ ತಿರುಮಲನ ಹೆಸರಿನಲ್ಲಿ ಇನ್ನೊಂದು ಪುರವನ್ನು ಸ್ಥಾಪಿಸಿ ಅನಂತಶಯನ ದೇವಾಲಯವನ್ನು ಕಟ್ಟಿಸಿದನು. ಆ ಬಾಲಕನು ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡನು. ಸಂಶಯಕ್ಕೆ ಸಿಕ್ಕಿ, ತಂದೆಯಂತೆ ಸಾಕಿದ ಮಂತ್ರಿ ತಿಮ್ಮರಸನ ಕಣ್ಣುಗಳನ್ನು ರಾಯನು ಕೀಳಿಸಿದನೆಂದು ನೂನಿಜನು ಹೇಳುತ್ತಾನೆ. 1529ರಲ್ಲಿ ರಾಯನು ಕಾಲವಾದನು. 1565ರಲ್ಲಿ ರಾಜಧಾನಿಯು ಹಾಳಾಯಿತು. ಶ್ರೀಮಂತರ ಅರಮನೆಗಳು ಹೋದವು. ಅವನ ಕಾಲದ ಬಸವಣ್ಣ ಕಾಲುವೆಯು ಉಳಿಯಿತು.

ಈಗ ನಮ್ಮ ಕಾಲದ ಮಾತು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ ಯೋಜನೆಯಲ್ಲಿ, ತಾನೇ ಮನೆ ಕಟ್ಟಿಕೊಳ್ಳುವ ನಗರದ ಬಡವನಿಗೆ ಕೇಂದ್ರದಿಂದ 1.5 ಲಕ್ಷ ರೂಪಾಯಿಗಳ ಸಹಾಯವನ್ನು ಗೊತ್ತುಮಾಡಿದರು. ಆದರೆ ಅವನಿಗೆ ಸ್ವಂತ ನಿವೇಶನವಿರಬೇಕು! ಹೊಸಪೇಟೆಯ ಹಮಾಲನಿಗೂ, ಸಂಡೂರಿನ ಗಣಿಗೆ ಹೋಗುವವನಿಗೂ, ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುವವಳಿಗೂ ಇಲ್ಲದಿರುವುದು ಅದೇ. 2011ರಲ್ಲಿ ಹಂಪಿಯ ಬಜಾರಿನ ಸಾಲುಮಂಟಪಗಳಲ್ಲಿ ನೆಲಸಿದ್ದ ಕುಟುಂಬಗಳನ್ನು ಎಬ್ಬಿಸಿದಾಗಲೂ ಮನೆಗಳು ಮೊದಲು ಉರುಳಿದವು. ಕಡ್ಡಿರಾಂಪುರದ ಪುನರ್ವಸತಿಯು ವರ್ಷಗಟ್ಟಲೆ ಎಳೆಯಿತು.

ಆದುದರಿಂದ ನಗರಸಭೆಯು ತನ್ನ ಕೈಯಲ್ಲಿರುವ ವಸತಿ ದ್ರವ್ಯದ ದೊಡ್ಡ ಪಾಲನ್ನು ಕೆಲಸಕ್ಕೆ ನಡೆದು ಹೋಗುವಷ್ಟು ಸಮೀಪದ ಭೂಮಿಯನ್ನು ಕೊಳ್ಳಲೂ, ಅಲ್ಲಿಗೆ ನಲ್ಲಿ, ಚರಂಡಿ, ಬೀದಿಗಳನ್ನು ಮಾಡಿಸಲೂ, ಹಕ್ಕುಪತ್ರವನ್ನು ಮನೆಯೊಡತಿಯ ಹೆಸರಿನಲ್ಲಿ ಕೊಡಲೂ ವಿನಿಯೋಗಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ. ಗೋಡೆಗೆ ಮೇಲಿನ ಸರಕಾರಗಳ ಸಹಾಯ ಬಂದೀತು. ಹೊಸ ಮನೆಗೆ ಕೆಲವು ವರ್ಷ ತೆರಿಗೆಯನ್ನು ಬಿಡುವುದಕ್ಕೂ ಸದಸ್ಯರು ಹಿಂದೆಗೆಯಬಾರದು. ಒಂಬತ್ತು ವರ್ಷ ಬಿಟ್ಟವನ ಬೊಕ್ಕಸವೇನೂ ಬರಿದಾಗಲಿಲ್ಲ. ಫಲಾನುಭವಿಗಳ ಪಟ್ಟಿಯೊಡನೆ, ಯಾವ ನಿವೇಶನಕ್ಕೆ ಯಾವ ತಿಂಗಳೊಳಗೆ ನೀರು ಬರುವುದೆಂಬ ಪಟ್ಟಿಯನ್ನೂ ನಗರಸಭೆಯ ಬಾಗಿಲಿಗೆ ಅಂಟಿಸಲಿ.