ಉಮರ್ ಮುಖ್ತಾರ್: ವಿಮಾನಕ್ಕೂ ಫಿರಂಗಿಗೂ ಬಗ್ಗದ ಲಿಬಿಯಾದ ಉಸ್ತಾದ್

ಉಮರ್ ಮುಖ್ತಾರ್ ಅಂದ್ರೆ ಹೆಚ್ಚಿನವರಿಗೆ ನೆನಪಾಗೋದು 1981ರ ‘ಲಯನ್ ಆಫ್ ದಿ ಡೆಸರ್ಟ್’ ಸಿನಿಮಾ, ಅದರಲ್ಲಿ ಬಿಳಿ ಗಡ್ಡದ ಆಂಥೋನಿ ಕ್ವಿನ್. ಕುದುರೆ, ಫಿರಂಗಿ, ಹೊಂಚುದಾಳಿ ಎಲ್ಲವೂ ಅದರಲ್ಲಿ ಚೆನ್ನಾಗಿಯೇ ಇವೆ. ಆದರೆ ಲಿಬಿಯಾದ ಆ ಯುದ್ಧ ತೀರ್ಮಾನವಾದದ್ದು ರಣರಂಗದಲ್ಲಲ್ಲ. ಇಟಲಿಯ ಸೇನೆಗೆ ಆ ಮುದುಕನನ್ನು ಹಿಡಿಯಲು ಒಂದು ನಾಡಿನ ಜನರನ್ನೇ ಬೇಲಿಯೊಳಗೆ ಹಾಕಬೇಕಾಯಿತು.

ಅವರು ಹುಟ್ಟಿದ್ದು 1860ರ ಆಸುಪಾಸಿನಲ್ಲಿ, ಪೂರ್ವ ಲಿಬಿಯಾದ ಟೋಬ್ರುಕ್ ಸಮೀಪ, ಮನಿಫಾ ಎಂಬ ಕಬೀಲೆಯಲ್ಲಿ. ಹಜ್‌ಗೆ ಹೊರಟ ತಂದೆ ದಾರಿಯಲ್ಲೇ ತೀರಿಕೊಂಡರು. ಯತೀಮ್ ಹುಡುಗನನ್ನು ಬೆಳೆಸಿದ್ದು ಸನೂಸಿ ತರೀಖತ್‌ನ ಹಿರಿಯರು. ಜಗ್ಬೂಬ್ ಎಂಬ ಓಯಸಿಸ್‌ನಲ್ಲಿ ಎಂಟು ವರ್ಷ ದೀನೀ ಶಿಕ್ಷಣ. ಆಮೇಲೆ ಕುರ್‌ಆನ್ ಕಲಿಸುವ ಉಸ್ತಾದ್ ಆಗಿ, ಅಲ್‌ಖುಸೂರ್‌ನ ಝಾವಿಯಾದ ಮುಖ್ಯಸ್ಥರಾಗಿ ಕೆಲಸ. ಝಾವಿಯಾ ಎಂದರೆ ಬರೀ ಮಸೀದಿಯಲ್ಲ. ಮದ್ರಸ, ಮುಸಾಫಿರ್‌ಖಾನೆ, ಬಾವಿ, ಧಾನ್ಯದ ಉಗ್ರಾಣ, ಕಬೀಲೆಗಳ ಜಗಳ ಬಗೆಹರಿಸುವ ಜಾಗ, ಎಲ್ಲವೂ ಅದೇ. ಯಾವ ಕಬೀಲೆಗೆ ಯಾವ ಬಾವಿ, ಯಾರ ಹತ್ತಿರ ಎಷ್ಟು ಒಂಟೆ, ಯಾವ ಕಣಿವೆಯಲ್ಲಿ ಗುಹೆ ಇದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮುಂದೆ ಉಪಯೋಗಕ್ಕೆ ಬಂದದ್ದು ಈ ತಿಳಿವಳಿಕೆಯೇ. ನಡುವೆ ಚಾಡ್‌ಗೂ ಹೋಗಿ ಫ್ರೆಂಚರ ವಿರುದ್ಧ ಸನೂಸಿಗಳ ಜೊತೆ ಹೋರಾಡಿ ಬಂದಿದ್ದರು.

1911ರಲ್ಲಿ ಇಟಲಿ ಲಿಬಿಯಾದ ಮೇಲೆ ದಂಡೆತ್ತಿ ಬಂದಾಗ ಅವರಿಗೆ ಐವತ್ತು ದಾಟಿತ್ತು. ಲೋಕದಲ್ಲಿ ಮೊದಲ ಬಾರಿಗೆ ವಿಮಾನದಿಂದ ಬಾಂಬ್ ಬಿದ್ದದ್ದು ಅದೇ ಯುದ್ಧದಲ್ಲಿ, ಅದೇ ವರ್ಷದ ನವೆಂಬರ್ 1ರಂದು. ಮರುವರ್ಷ ಉಸ್ಮಾನಿಯಾ ತುರ್ಕಿ ಒಪ್ಪಂದ ಮಾಡಿಕೊಂಡು ಹಿಂದೆ ಸರಿಯಿತು. ಲಿಬಿಯಾದವರು ಸರಿಯಲಿಲ್ಲ.

1922ರಲ್ಲಿ ಮುಸೊಲಿನಿ ಅಧಿಕಾರಕ್ಕೆ ಬಂದ. ಸನೂಸಿಗಳ ಮುಖಂಡ ಇದ್ರೀಸ್ ಈಜಿಪ್ಟ್‌ಗೆ ಹೊರಟುಹೋದರು. ಮರುವರ್ಷ ಉಮರ್ ಮುಖ್ತಾರ್ ಕೂಡ ಈಜಿಪ್ಟ್‌ಗೆ ಹೋಗಿ ಅವರನ್ನು ಕಂಡರು. ವಯಸ್ಸಾಗಿತ್ತು, ಅಲ್ಲೇ ಉಳಿದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ವಾಪಸ್ ಬಂದರು.

ಮರುಭೂಮಿಯ ಯುದ್ಧ ಅಂತ ಹೇಳ್ತೇವೆ, ಆದರೆ ಇದರ ಅರ್ಧ ನಡೆದದ್ದು ಜಬಲ್ ಅಖ್ದರ್ ಎಂಬ ಹಸಿರು ಬೆಟ್ಟಸಾಲಿನಲ್ಲಿ. ಮಳೆ ಬೀಳುವ, ಪೊದೆಯೂ ಗುಹೆಯೂ ತುಂಬಿದ ಜಾಗ ಅದು. ಕುದುರೆ ಸವಾರರ ಸಣ್ಣ ಸಣ್ಣ ತಂಡಗಳು ಅಲ್ಲಿಂದ ಇಳಿದು ಹೊಡೆದು, ಕಣಿವೆಗಳಲ್ಲಿ ಮಾಯವಾಗುತ್ತಿದ್ದವು. ಇಟಲಿಯ ಕಡೆ ವಿಮಾನ, ಶಸ್ತ್ರಸಜ್ಜಿತ ವಾಹನ, ಎರಿಟ್ರಿಯಾದಿಂದ ಕರೆತಂದ ಕೂಲಿ ಸೈನಿಕರು. ಅಷ್ಟಿದ್ದೂ ಗುರಿ ಸಿಗುತ್ತಿರಲಿಲ್ಲ. ಯಾಕಂದ್ರೆ ಹಗಲಿಗೆ ಇಟಲಿಯ ಸರಕಾರ, ರಾತ್ರಿಗೆ ಉಮರ್ ಮುಖ್ತಾರ್‌ರ ಸರಕಾರ. ಇಟಲಿಗೆ ಶರಣಾಗಿ ಕಾಗದ ಪಡೆದ ಕಬೀಲೆಯವರೇ ರಾತ್ರಿ ಹೋರಾಟಗಾರರಿಗೆ ಧಾನ್ಯ, ಗುಂಡು, ಮದ್ದು, ಸುದ್ದಿ ಮುಟ್ಟಿಸುತ್ತಿದ್ದರು. ಸತ್ತವನ ಜಾಗಕ್ಕೆ ಅದೇ ಡೇರೆಯಿಂದ ಇನ್ನೊಬ್ಬ ಬರುತ್ತಿದ್ದ. ಝಕಾತ್ ಕೂಡ ಅತ್ತಲೇ ಹೋಗುತ್ತಿತ್ತು.

1929ರ ಜೂನ್‌ನಲ್ಲಿ ಗವರ್ನರ್ ಬಡೋಗ್ಲಿಯೊ ಅವರನ್ನು ಮಾತುಕತೆಗೆ ಕರೆದ. ಆಮೇಲೆ ಮುಖ್ತಾರ್ ಶರಣಾದರೆಂದು ಇಟಲಿ ಸುದ್ದಿ ಹಬ್ಬಿಸಿತು. ಕೆಲವೇ ತಿಂಗಳಲ್ಲಿ ಮತ್ತೆ ಗುಂಡಿನ ಸದ್ದು.

1930ರಲ್ಲಿ ಜನರಲ್ ಗ್ರಾಝಿಯಾನಿ ಬಂದ. ಬಡೋಗ್ಲಿಯೊ ಮತ್ತು ಅವನು ಸೇರಿ ಹಿಡಿದ ದಾರಿ ಸರಳ: ಹೋರಾಟಗಾರರು ಸಿಗದಿದ್ದರೆ ಅವರಿಗೆ ಅನ್ನ ಕೊಡುವವರನ್ನೇ ಎತ್ತಿಬಿಡುವುದು. ಝಾವಿಯಾಗಳಿಗೆ ಬೀಗ ಬಿತ್ತು, ಆಸ್ತಿ ಜಪ್ತಿಯಾಯಿತು, ಶೈಖರನ್ನು ಇಟಲಿಯ ದ್ವೀಪಕ್ಕೆ ಗಡೀಪಾರು ಮಾಡಿದರು. ವಿಷಾನಿಲದ ಬಳಕೆ ಬೇಡ ಎಂಬ 1925ರ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದ್ದ ಇಟಲಿಯೇ 1930ರ ಜುಲೈಯಲ್ಲಿ ತಾಝಿರ್ಬು ಓಯಸಿಸ್ ಮೇಲೆ ಮಸ್ಟರ್ಡ್ ಗ್ಯಾಸ್ ಬಾಂಬ್ ಹಾಕಿತು. ಸುಮಾರು ಒಂದು ಲಕ್ಷ ಜನರನ್ನು, ಹೆಂಗಸರು ಮಕ್ಕಳು ಮುದುಕರು ಎನ್ನದೆ, ಬೆಟ್ಟದಿಂದ ಇಳಿಸಿ ನೂರಾರು ಮೈಲು ನಡೆಸಿಕೊಂಡು ಹೋಗಿ ಕರಾವಳಿಯ ಒಣ ಬಯಲಲ್ಲಿ ಮುಳ್ಳುತಂತಿಯೊಳಗೆ ಕೂಡಿದರು. ಸುಲೂಕ್, ಮಗ್ರೂನ್, ಬ್ರೇಗಾ, ಅಗೈಲಾ. ಹೋರಾಟಗಾರರ ಸಂಬಂಧಿಕರಿಗೆ ಅಗೈಲಾ ಮೀಸಲು, ಅದು ಎಲ್ಲಕ್ಕಿಂತ ಕಠೋರ. ಹಸಿವು, ಟೈಫಸ್, ಹೊಡೆತ, ಗಲ್ಲು. ಆಡು ಕುರಿ ಒಂಟೆಗಳು ಮೇವಿಲ್ಲದೆ ಹಿಂಡುಹಿಂಡಾಗಿ ಸತ್ತವು. ಜಾನುವಾರು ಹೋದರೆ ಬದೂವಿನ ಮನೆಯೇ ಹೋದಂತೆ. ಶಿಬಿರಗಳಲ್ಲಿ ಸತ್ತವರು ಕನಿಷ್ಠ 40,000 ಎಂದು ಇತಿಹಾಸಕಾರರ ಲೆಕ್ಕ, ಇನ್ನೂ ಹೆಚ್ಚು ಅನ್ನುವವರೂ ಇದ್ದಾರೆ.

ಉಳಿದದ್ದು ಈಜಿಪ್ಟ್‌ನ ದಾರಿ. 1931ರಲ್ಲಿ ಸಮುದ್ರತೀರದ ಬಾರ್ದಿಯಾದಿಂದ ಜಗ್ಬೂಬ್‌ವರೆಗೆ ಸುಮಾರು 270 ಕಿಲೋಮೀಟರ್ ಮುಳ್ಳುತಂತಿ ಬೇಲಿ ಎದ್ದಿತು. ಉಮರ್ ಮುಖ್ತಾರ್ ಕಲಿತ ಊರೇ ಅವರ ಬೇಲಿಯ ಕೊನೆಯ ಗೂಟವಾಯಿತು.

ಅಲ್ಲಿಂದಾಚೆ ಬೆಟ್ಟದಲ್ಲಿ ಊಟವಿಲ್ಲ, ಮದ್ದುಗುಂಡಿಲ್ಲ, ಸುದ್ದಿ ತರುವವರಿಲ್ಲ. ಹಿಂದಿನ ವರ್ಷದ ಒಂದು ಕಾಳಗದಲ್ಲಿ ಅವರ ಕನ್ನಡಕವೂ ವೈರಿಯ ಕೈಗೆ ಹೋಗಿತ್ತು. 1931ರ ಸೆಪ್ಟೆಂಬರ್ 11ರಂದು ಸ್ಲಂಟಾ ಬಳಿ ಕುದುರೆಗೆ ಗುಂಡು ತಗಲಿ ಅವರು ಕೆಳಗೆ ಬಿದ್ದರು, ಸೆರೆಯಾದರು. ಎಪ್ಪತ್ತು ದಾಟಿದ ಕೈದಿಗೆ ಸರಪಳಿ ಬಿಗಿದು ಯುದ್ಧನೌಕೆಯಲ್ಲಿ ಬೆಂಗಾಝಿಗೆ ಒಯ್ದರು.

ಸೆಪ್ಟೆಂಬರ್ 15ರಂದು ವಿಚಾರಣೆ. ಮರಣದಂಡನೆಯೇ ಆಗಬೇಕು, ಅದೂ ದೊಡ್ಡ ಶಿಬಿರವೊಂದರಲ್ಲಿ ಜನರೆದುರೇ ಆಗಬೇಕು ಎಂಬ ಬಡೋಗ್ಲಿಯೊನ ತಂತಿ ಸಂದೇಶ ಕೋರ್ಟು ಕೂರುವ ಮೊದಲೇ ಬಂದಿತ್ತು. ಅವರ ಪರ ನಿಲ್ಲಲು ನೇಮಿಸಲ್ಪಟ್ಟ ಇಟಾಲಿಯನ್ ಅಧಿಕಾರಿ ಕ್ಯಾಪ್ಟನ್ ಲೊಂಟಾನೊ ಮನಸ್ಸಿಟ್ಟು ವಾದಿಸಿದ. ಅದಕ್ಕಾಗಿ ಅವನಿಗೇ ಶಿಕ್ಷೆಯಾಯಿತು! ಮರುದಿನ ಬೆಳಿಗ್ಗೆ ಸುಲೂಕ್ ಶಿಬಿರದಲ್ಲಿ, ಬಲವಂತದಿಂದ ಸೇರಿಸಿದ ಸುಮಾರು 20,000 ಮಂದಿಯ ಎದುರು ಅವರನ್ನು ಗಲ್ಲಿಗೇರಿಸಿದರು. ನಾಲ್ಕೇ ತಿಂಗಳಲ್ಲಿ, 1932ರ ಜನವರಿಯಲ್ಲಿ, ದಂಗೆ ಮುಗಿಯಿತೆಂದು ಬಡೋಗ್ಲಿಯೊ ಸಾರಿದ.

ಗ್ರಾಝಿಯಾನಿಯ ಕತೆ ಅಲ್ಲಿಗೆ ಮುಗಿಯಲಿಲ್ಲ. 1940ರಲ್ಲಿ ಅವನು ಇದೇ ಲಿಬಿಯಾದಿಂದ ದೊಡ್ಡ ಸೇನೆ ಹೊರಡಿಸಿ ಈಜಿಪ್ಟ್‌ನ ಸಿದಿ ಬರ್ರಾನಿವರೆಗೆ ನುಗ್ಗಿದ. ಡಿಸೆಂಬರ್‌ನಲ್ಲಿ ಅಲ್ಲಿ ಆ ಸೇನೆಯನ್ನು ಮುರಿದ ಬ್ರಿಟಿಷ್ ಪಡೆಯಲ್ಲಿ ಭಾರತದ 4ನೇ ಡಿವಿಷನ್‌ನ ಸಿಪಾಯಿಗಳಿದ್ದರು. ಯುದ್ಧದ ನಂತರ ಅವನಿಗೆ ಶಿಕ್ಷೆಯಾದದ್ದು ಜರ್ಮನರ ಜೊತೆ ಕೈಜೋಡಿಸಿದ್ದಕ್ಕೆ. ಲಿಬಿಯಾದ ಶಿಬಿರಗಳಿಗಾಗಿ ಯಾವ ಕೋರ್ಟೂ ಅವನನ್ನು ಕೇಳಲಿಲ್ಲ. 2012ರಲ್ಲಿ ಇಟಲಿಯ ಆಫಿಲೆ ಎಂಬ ಊರಿನಲ್ಲಿ ಸಾರ್ವಜನಿಕ ಹಣದಿಂದಲೇ ಅವನಿಗೆ ಸ್ಮಾರಕ ಕಟ್ಟಿದರು.

ಉಮರ್ ಮುಖ್ತಾರ್‌ರ ಖಬರಿಗೂ ನೆಮ್ಮದಿ ಇರಲಿಲ್ಲ. ಇಟಲಿಯವರು ಮಯ್ಯಿತನ್ನು ಬೆಂಗಾಝಿಯಲ್ಲಿ ಗುಟ್ಟಾಗಿ ದಫನ ಮಾಡಿದ್ದರು. ಸ್ವತಂತ್ರ ಲಿಬಿಯಾ 1960ರಲ್ಲಿ ಅದೇ ನಗರದಲ್ಲಿ ಗೋರಿ ಕಟ್ಟಿತು. 1980ರಲ್ಲಿ ಗದ್ದಾಫಿ ಅವಶೇಷಗಳನ್ನು ಅಲ್ಲಿಂದ ತೆಗೆಸಿ ಸುಲೂಕ್‌ಗೆ ಸಾಗಿಸಿದ. ಅವರನ್ನು ಗಲ್ಲಿಗೇರಿಸಿದ ಊರಲ್ಲೇ ಈಗ ಅವರ ಖಬರ್ ಇದೆ.