ಲಕ್ಷ್ಮಣರಾವ್ ಕಿರ್ಲೋಸ್ಕರ್

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ (ಜೂನ್ 20, 1869 – ಸೆಪ್ಟೆಂಬರ್ 26, 1956) ಬೆಳಗಾವಿ ಜಿಲ್ಲೆಯಲ್ಲಿ ಜನಿಸಿದ ಭಾರತೀಯ ಉದ್ಯಮಿ ಮತ್ತು ಯಂತ್ರ ನಿರ್ಮಾಪಕರು. ಕಿರ್ಲೋಸ್ಕರ್ ಉದ್ಯಮ ಸಮೂಹದ ಸ್ಥಾಪಕರಾದ ಇವರು ಕಬ್ಬಿಣದ ನೇಗಿಲು, ಕಣಿಕೆ ಕತ್ತರಿಸುವ ಯಂತ್ರ, ಕಬ್ಬಿನ ಗಾಣ ಮತ್ತು ಪಂಪುಗಳನ್ನು ದೇಶದಲ್ಲೇ ತಯಾರಿಸಿ ರೈತರಿಗೆ ಒದಗಿಸಿದರು. ಇವರು ಕಟ್ಟಿದ ಸಮೂಹವು ಮುಂದೆ ತೈಲ ಎಂಜಿನ್, ಲೇತು ಮತ್ತು ವಿದ್ಯುತ್ ಮೋಟಾರುಗಳ ತಯಾರಿಕೆಗೂ ವಿಸ್ತರಿಸಿತು.

ಜನನ ಮತ್ತು ಶಿಕ್ಷಣ

ಲಕ್ಷ್ಮಣರಾಯರು ಸವದತ್ತಿ ಸಮೀಪದ ಗುರ್ಲಹೊಸೂರಿನಲ್ಲಿ ಜನಿಸಿದರು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು.

ಬಾಲ್ಯದಿಂದಲೂ ಚಿತ್ರಕಲೆಯಲ್ಲಿ ಮತ್ತು ಯಂತ್ರಗಳಲ್ಲಿ ಆಸಕ್ತಿ ಹೊಂದಿದ್ದ ಅವರು 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅವರಿಗೆ ಭಾಗಶಃ ವರ್ಣಾಂಧತೆ ಇರುವುದು ಅಲ್ಲಿ ತಿಳಿದುಬಂದಿತು. ಬಣ್ಣಗಳ ಚಿತ್ರಕಲೆಯನ್ನು ಬಿಟ್ಟು ಅವರು ಯಾಂತ್ರಿಕ ರೇಖಾಚಿತ್ರದ ಅಭ್ಯಾಸಕ್ಕೆ ತಿರುಗಿದರು. ಬಳಿಕ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾಗಿ ನೇಮಕಗೊಂಡು, ಯಂತ್ರಗಳ ರಚನೆಯನ್ನು ಹತ್ತಿರದಿಂದ ಅರಿತರು. ತಮಗೆ ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ-ಇಂಡಿಯನ್ ಒಬ್ಬರಿಗೆ ದೊರೆತಾಗ ಹುದ್ದೆಗೆ ರಾಜೀನಾಮೆ ನೀಡಿದರು.

ಬೆಳಗಾವಿಯ ದಿನಗಳು

1888ರಲ್ಲಿ ಬೆಳಗಾವಿಯಲ್ಲಿ ಅಣ್ಣ ರಾಮಚಂದ್ರರಾಯರೊಡನೆ (ರಾಮುಅಣ್ಣ) ಸೈಕಲ್ ಅಂಗಡಿಯನ್ನು ಆರಂಭಿಸಲಾಯಿತು. ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರು ಹುಟ್ಟಿದ್ದು ಇಲ್ಲಿಂದ. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ಲುಗಳನ್ನು ಖರೀದಿಸಿ ಕಳುಹಿಸುತ್ತಿದ್ದರು, ಅಣ್ಣ ಅವುಗಳನ್ನು ಮಾರಿ ಸವಾರಿಯನ್ನೂ ಕಲಿಸುತ್ತಿದ್ದರು. ಬೆಳಗಾವಿಯ ಕಿರ್ಲೋಸ್ಕರ್ ರಸ್ತೆ ಈ ಕುಟುಂಬದ ಹೆಸರನ್ನು ಉಳಿಸಿಕೊಂಡಿದೆ.

ಸಹೋದರರು ಕ್ರಮೇಣ ಮಾರಾಟದಿಂದ ತಯಾರಿಕೆಗೆ ತಿರುಗಿದರು. ಅವರ ಮೊದಲ ತಯಾರಿಕೆ ದನಕರುಗಳ ಮೇವಿಗಾಗಿ ಕಣಿಕೆ ಕತ್ತರಿಸುವ ಯಂತ್ರ. ಇದಾದ ಬಳಿಕ ಕಬ್ಬಿಣದ ನೇಗಿಲನ್ನು ತಯಾರಿಸಿದರು. ಕಬ್ಬಿಣದಿಂದ ಉತ್ತರೆ ನೆಲಕ್ಕೆ ವಿಷವೇರುತ್ತದೆ ಎಂಬ ನಂಬಿಕೆ ರೈತರಲ್ಲಿತ್ತು. ಈ ಕಾರಣದಿಂದ ಮೊದಲ ನೇಗಿಲುಗಳನ್ನು ಮಾರಲು ಸುಮಾರು ಎರಡು ವರ್ಷ ಬೇಕಾಯಿತು. ಬಳಸಿ ನೋಡಿದವರ ಹೊಲಗಳೇ ಈ ನಂಬಿಕೆಯನ್ನು ಕ್ರಮೇಣ ಸಡಿಲಿಸಿದವು.

ವ್ಯಾಪಾರವು ನೆಲೆ ಕಾಣುತ್ತಿದ್ದ ಹೊತ್ತಿನಲ್ಲೇ, ಬೆಳಗಾವಿಯ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವುಗೊಳಿಸಬೇಕೆಂದು ಪುರಸಭೆಯು ಸೂಚಿಸಿತು. ಹುಟ್ಟಿದ ಜಿಲ್ಲೆಯಲ್ಲಿ ಕಟ್ಟಿದ ಕಾರ್ಖಾನೆಗೆ ನೆಲೆಯೇ ಇಲ್ಲದಂತಾಯಿತು.

ಕಿರ್ಲೋಸ್ಕರವಾಡಿ

ಆ ವೇಳೆಗೆ ಲಕ್ಷ್ಮಣರಾಯರು ಔಂಧ್ ಸಂಸ್ಥಾನದಲ್ಲಿ ಸಭಾಮಂಟಪವೊಂದನ್ನು ನಿರ್ಮಿಸುವ ಗುತ್ತಿಗೆ ಪಡೆದಿದ್ದರು. ಅವರ ಸಂಕಷ್ಟವನ್ನು ತಿಳಿದ ಸಂಸ್ಥಾನಾಧಿಪತಿ ಬಾಳಾಸಾಹೇಬ ಪಂತ ಪ್ರತಿನಿಧಿಗಳು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಜಮೀನನ್ನೂ ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲವನ್ನೂ ಒದಗಿಸಿದರು. ಅದು ಪಾಪಾಸುಕಳ್ಳಿ ಬೆಳೆದ, ನಾಗರಹಾವುಗಳಿದ್ದ ಬರಡು ನೆಲವಾಗಿತ್ತು. 1910ರಲ್ಲಿ ಅಲ್ಲಿ ಆರಂಭವಾದ ಕಾರ್ಖಾನೆ ಮತ್ತು ವಸತಿ ಗ್ರಾಮವೇ ಕಿರ್ಲೋಸ್ಕರವಾಡಿ. ಇದು ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ. ಬೆಳಗಾವಿಯಿಂದ ಘಟಪ್ರಭಾ, ರಾಯಬಾಗ, ಕುಡಚಿ ಮಾರ್ಗವಾಗಿ ಮಿರಜಕ್ಕೆ ಹೋಗಿ, ಅಲ್ಲಿಂದ ಪುಣೆಯತ್ತ ಸಾಗುವ ರೈಲು ಹಾದಿಯಲ್ಲಿ ಈ ಊರು ಸಿಗುತ್ತದೆ.

ರಾಮುಅಣ್ಣ ಊರಿನ ಆಡಳಿತವನ್ನು ವಹಿಸಿಕೊಂಡರು. ಶಂಭುರಾವ್ ಜಾಂಭೇಕರ್, ಮಂಗೇಶರಾವ್ ರೇಗೆ ಮತ್ತು ಅನಂತರಾವ್ ಫಳಣೀಕರ್ ಆರಂಭದ ಸಹೋದ್ಯೋಗಿಗಳಲ್ಲಿ ಪ್ರಮುಖರು. ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಅವಕಾಶವಿರಲಿಲ್ಲ. ಶಿಕ್ಷೆ ಮುಗಿಸಿ ಹೊರಬಂದ ಕೆಲವರನ್ನು ಲಕ್ಷ್ಮಣರಾಯರು ರಾತ್ರಿ ಕಾವಲಿಗೆ ನೇಮಿಸಿದ್ದರು.

ಮೊದಲ ಮಹಾಯುದ್ಧದ ಕಾಲದಲ್ಲಿ ವಿದೇಶಿ ನೇಗಿಲುಗಳ ಆಮದು ಕುಗ್ಗಿ ದೇಶೀಯ ನೇಗಿಲುಗಳಿಗೆ ಬೇಡಿಕೆ ಹೆಚ್ಚಿತು. ಆದರೆ ಎರಕಕ್ಕೆ ಬೇಕಾದ ಕಬ್ಬಿಣವೇ ದುರ್ಲಭವಾಯಿತು. ಆಗ ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಸಂಸ್ಥಾನದ ಹಳೆಯ ಫಿರಂಗಿಗಳನ್ನು ನೇಗಿಲು ತಯಾರಿಕೆಗೆ ನೀಡಿದರು. ರಾಯಬಾಗವೂ ಅಂದು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ನಿಯಮಿತ ಕಂಪನಿಯಾಯಿತು.

ಯಂತ್ರಗಳು ಮತ್ತು ವೇಗದ ಹೊಂದಾಣಿಕೆ

ಲಕ್ಷ್ಮಣರಾಯರ ಕಾಲದ ಕೃಷಿ ಯಂತ್ರಗಳಿಗೆ ಮನುಷ್ಯನ ಕೈ ಮತ್ತು ಎತ್ತುಗಳೇ ಮುಖ್ಯ ಚಾಲಕ ಶಕ್ತಿ. ಕೈಯಿಂದ ತಿರುಗಿಸುವ ಕಣಿಕೆ ಯಂತ್ರದಲ್ಲಿ ಭಾರವಾದ ಚಕ್ರವು ತಿರುಗುವಿಕೆಯನ್ನು ಒಂದೇ ಸಮನಾಗಿ ಇಡುತ್ತದೆ. ಎತ್ತಿನ ಗಾಣದಲ್ಲಿ ಕಬ್ಬನ್ನು ಅರೆಯುವ ಉರುಳೆಗಳು ಎತ್ತಿನ ನಡಿಗೆಗೆ ತಕ್ಕಂತೆ ನಿಧಾನವಾಗಿ ತಿರುಗುತ್ತವೆ. ಅದೇ ಗಾಣಕ್ಕೆ ಎಂಜಿನ್ ಜೋಡಿಸುವಾಗ ಎಂಜಿನ್ನಿನ ಹೆಚ್ಚಿನ ವೇಗವನ್ನು ಹಲ್ಲುಚಕ್ರ ಮತ್ತು ಬೆಲ್ಟುಗಳಿಂದ ತಗ್ಗಿಸಬೇಕಾಗುತ್ತದೆ. ಕೃಷ್ಣಾ ತೀರದ ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗದ ಕಬ್ಬಿನ ನಾಡಿಗೆ ಈ ಬದಲಾವಣೆ ಪರಿಚಿತವಾದುದು.

ಅಂದಿನ ಕಾರ್ಖಾನೆಗಳಲ್ಲಿ ಒಂದೇ ಉದ್ದನೆಯ ದಂಡದಿಂದ ಬೆಲ್ಟುಗಳ ಮೂಲಕ ಹಲವು ಯಂತ್ರಗಳನ್ನು ನಡೆಸುತ್ತಿದ್ದರು. ಲೇತಿನಲ್ಲಿ ಬೇರೆ ಬೇರೆ ವ್ಯಾಸದ ಮೆಟ್ಟಿಲುಗಳಿದ್ದ ರಾಟೆ ಇರುತ್ತಿತ್ತು. ಬೆಲ್ಟನ್ನು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಸರಿಸಿದರೆ ವೇಗ ಬದಲಾಗುತ್ತಿತ್ತು.

ವಿದ್ಯುತ್ ಮೋಟಾರುಗಳು

ಸಮೂಹದ ವಿಸ್ತರಣೆಯಲ್ಲಿ ಕರ್ನಾಟಕಕ್ಕೆ ಮುಖ್ಯ ಸ್ಥಾನವಿದೆ. 1941ರಲ್ಲಿ ಹರಿಹರದಲ್ಲಿ ಲೇತುಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಸ್ಥಾಪನೆಯಾದವು. ತೈಲ ಎಂಜಿನ್ ಕಾರ್ಖಾನೆಯೂ 1946ರಲ್ಲೇ ಪುಣೆಯಲ್ಲಿ ಆರಂಭವಾಯಿತು.

ಎತ್ತು ಮತ್ತು ಕೈಯ ಜಾಗಕ್ಕೆ ಮೋಟಾರು ಬಂದಾಗ ವೇಗದ ಪ್ರಶ್ನೆ ಹೊಸ ರೂಪ ತಾಳಿತು. ಪಂಪು ಮತ್ತು ಹಿಟ್ಟಿನ ಗಿರಣಿಗಳಲ್ಲಿ ಬಳಸುವ ಇಂಡಕ್ಷನ್ ಮೋಟಾರಿನ ವೇಗವು ವಿದ್ಯುತ್ತಿನ ಆವರ್ತನ ಮತ್ತು ಮೋಟಾರಿನ ಧ್ರುವಗಳ ಸಂಖ್ಯೆಯನ್ನು ಅವಲಂಬಿಸಿದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟಾರಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಮೋಟಾರು ಅದಕ್ಕಿಂತ ತುಸು ಕಡಿಮೆ, ಸುಮಾರು 1440 ಸುತ್ತು ತಿರುಗುತ್ತದೆ. ಮೋಟಾರಿಗೆ 2 ಅಂಗುಲದ ರಾಟೆ, ಯಂತ್ರಕ್ಕೆ 8 ಅಂಗುಲದ ರಾಟೆ ಹಾಕಿದರೆ ಯಂತ್ರದ ವೇಗ ಸುಮಾರು 360 ಸುತ್ತಿಗೆ ಇಳಿಯುತ್ತದೆ ಮತ್ತು ತಿರುಗಿಸುವ ಬಲ ಹೆಚ್ಚುತ್ತದೆ. ಹಿಟ್ಟು ರುಬ್ಬುವ ಕಲ್ಲಿನ ಗ್ರೈಂಡರ್ ನಿಧಾನವಾಗಿ ತಿರುಗುವುದು ಇಂತಹ ಬೆಲ್ಟು ಅಥವಾ ಹಲ್ಲುಚಕ್ರಗಳ ಏರ್ಪಾಡಿನಿಂದ.

ಅಡುಗೆಮನೆಯ ಮಿಕ್ಸರಿನಲ್ಲಿ ಸಾಮಾನ್ಯವಾಗಿ ಇರುವುದು ಕಾರ್ಬನ್ ಬ್ರಷ್ಷುಗಳುಳ್ಳ ಯೂನಿವರ್ಸಲ್ ಮೋಟಾರು. ಸುರುಳಿಯ ಬೇರೆ ಬೇರೆ ತುದಿಗಳಿಗೆ ಸಂಪರ್ಕ ಬದಲಿಸಿ ಅಥವಾ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಿಂದ ಅದರ ವೇಗವನ್ನು ಹೆಚ್ಚು-ಕಡಿಮೆ ಮಾಡಬಹುದು. ಹಳೆಯ ಗ್ರೈಂಡರಿನ ಒಂದು ಫೇಸಿನ ಇಂಡಕ್ಷನ್ ಮೋಟಾರಿಗೆ ಫ್ಯಾನಿನ ರೆಗ್ಯುಲೇಟರ್ ಜೋಡಿಸಿದರೆ ಇದೇ ಫಲ ದೊರೆಯುವುದಿಲ್ಲ. ವೋಲ್ಟೇಜು ಇಳಿದಂತೆ ಬಲ ಕುಗ್ಗಿ, ಹಿಟ್ಟಿನ ಭಾರಕ್ಕೆ ಕಲ್ಲು ನಿಂತು, ಸುರುಳಿ ಕಾದು ಸುಡುವ ಸಂಭವವಿದೆ. ಫ್ಯಾನಿಗೆ ವೇಗ ಇಳಿದಂತೆ ಗಾಳಿಯ ಭಾರವೂ ವೇಗವಾಗಿ ಇಳಿಯುವುದರಿಂದ ಅಲ್ಲಿ ಆ ರೆಗ್ಯುಲೇಟರ್ ಸಾಕಾಗುತ್ತದೆ. ಇಂಡಕ್ಷನ್ ಮೋಟಾರಿನ ವೇಗವನ್ನು ಬಲ ಕುಂದದಂತೆ ಬದಲಿಸಲು ವೋಲ್ಟೇಜಿನೊಡನೆ ಆವರ್ತನವನ್ನೂ ಬದಲಿಸುವ ನಿಯಂತ್ರಕ ಬೇಕು. ಇಂತಹ ನಿಯಂತ್ರಕಗಳು ಮುಖ್ಯವಾಗಿ ಮೂರು ಫೇಸಿನ ಮೋಟಾರುಗಳಿಗೆ ಹೊಂದುತ್ತವೆ. ಲಕ್ಷ್ಮಣರಾಯರ ನಿಧನಾನಂತರದ ದಶಕಗಳಲ್ಲಿ ಅರೆವಾಹಕ ಸಾಧನಗಳು ಬೆಳೆದ ಬಳಿಕ ಇವು ಬಳಕೆಗೆ ಬಂದವು.

ಕುಟುಂಬ ಮತ್ತು ನಿಧನ

ಲಕ್ಷ್ಮಣರಾಯರ ಪತ್ನಿ ರಾಧಾಬಾಯಿ. ಮಗ ಶಂತನುರಾವ್ ಕಿರ್ಲೋಸ್ಕರ್ (1903–1994) ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಯಂತ್ರಶಾಸ್ತ್ರ ಓದಿ ಬಂದು ಸಮೂಹವನ್ನು ಬೆಳೆಸಿದರು. ಕಿರ್ಲೋಸ್ಕರವಾಡಿಯಿಂದ ಹೊರಟ ಕಿರ್ಲೋಸ್ಕರ್, ಸ್ತ್ರೀ ಮತ್ತು ಮನೋಹರ ಎಂಬ ಮರಾಠಿ ಮಾಸಿಕಗಳನ್ನು ಬೆಳೆಸಿದವರು ಇದೇ ಕುಟುಂಬದ ಶಂಕರರಾವ್ ಕಿರ್ಲೋಸ್ಕರ್.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಜನ್ಮಶತಮಾನೋತ್ಸವದ ನೆನಪಿಗಾಗಿ ಭಾರತೀಯ ಅಂಚೆ ಇಲಾಖೆಯು 1969ರಲ್ಲಿ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು.