ಹೃದಯದ ಲಿಪಿಯನ್ನು ಓದಿದವನು

ನಮ್ಮ ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತದೆ. ಪ್ರತಿಯೊಂದು ಮಿಡಿತಕ್ಕೂ ಮುನ್ನ ಅತಿ ಸೂಕ್ಷ್ಮವಾದ ವಿದ್ಯುತ್ತು ಅಲ್ಲಿ ಹುಟ್ಟಿ ಅದರ ಸ್ನಾಯುಗಳಲ್ಲಿ ಹರಡುತ್ತದೆ. ಚರ್ಮದ ಮೇಲೆ ಅದರ ಪ್ರಮಾಣ ಒಂದು ವೋಲ್ಟಿನ ಸಾವಿರದಲ್ಲೊಂದು ಭಾಗದಷ್ಟು ಮಾತ್ರ. ಕಣ್ಣಿಗೆ ಕಾಣದ ಈ ವಿದ್ಯುತ್ತನ್ನು ಯಥಾವತ್ತಾಗಿ ರೇಖೆಗಿಳಿಸಿದ ಕೀರ್ತಿ ವಿಲ್ಲೆಂ ಐಂತೋವನ್ನನಿಗೆ ಸಲ್ಲುತ್ತದೆ.

ಐಂತೋವನ್ನನು 1860ರ ಮೇ 21ರಂದು, ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪದ ಸೆಮರಾಂಗ್ ನಗರದಲ್ಲಿ ಜನಿಸಿದನು. ವೈದ್ಯನಾಗಿದ್ದ ತಂದೆ ಮಗನ ಬಾಲ್ಯದಲ್ಲಿಯೇ ತೀರಿಕೊಂಡನು. ತಾಯಿಯು 1870ರಲ್ಲಿ ಆರು ಮಕ್ಕಳೊಡನೆ ಹಾಲೆಂಡಿನ ಉಟ್ರೆಕ್ಟಿಗೆ ಬಂದು ನೆಲೆಸಿದಳು. ಐಂತೋವನ್ನನು ಅಲ್ಲಿಯೇ ವೈದ್ಯಶಾಸ್ತ್ರವನ್ನು ಕಲಿತು, 1886ರಲ್ಲಿ ಲೈಡನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು. ಆಗ ಅವನಿಗೆ ಇಪ್ಪತ್ತೈದು ವರ್ಷ.

1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರನು ಪಾದರಸದ ಉಪಕರಣವೊಂದರಿಂದ ಮನುಷ್ಯನ ಹೃದಯದ ವಿದ್ಯುತ್ತನ್ನು ಮೊದಲಬಾರಿಗೆ ದಾಖಲಿಸಿದನು. ಆದರೆ ಪಾದರಸದ ಚಲನೆ ನಿಧಾನವಾದುದರಿಂದ ರೇಖೆ ಸ್ಪಷ್ಟವಾಗಿರಲಿಲ್ಲ. ಐಂತೋವನ್ನನು ವರ್ಷಗಟ್ಟಲೆ ಶ್ರಮಿಸಿ, 1901ರಲ್ಲಿ ಹೊಸದೊಂದು ಉಪಕರಣವನ್ನು ಪ್ರಕಟಪಡಿಸಿದನು. ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಬೆಳ್ಳಿ ಲೇಪಿಸಿದ ಸ್ಫಟಿಕದ ಎಳೆಯೊಂದನ್ನು ಅವನು ಬಿಗಿದನು. ಹೃದಯದ ವಿದ್ಯುತ್ತು ಹರಿದಾಗ ಎಳೆ ತುಸು ಬಾಗುತ್ತಿತ್ತು. ಅದರ ನೆರಳು ಚಲಿಸುವ ಛಾಯಾಫಲಕದ ಮೇಲೆ ಮೂಡುತ್ತಿತ್ತು. ರೋಗಿಯು ಕೈಕಾಲುಗಳನ್ನು ಉಪ್ಪುನೀರಿನಲ್ಲಿ ಅದ್ದಿ ಕುಳಿತಿರಬೇಕಾಗಿತ್ತು. ಯಂತ್ರದ ತೂಕ ಸುಮಾರು 270 ಕಿಲೋಗ್ರಾಂ. ಅದನ್ನು ನಡೆಸಲು ಐವರು ಬೇಕಾಗಿದ್ದರು. ರೇಖೆಯ ಏರಿಳಿತಗಳಿಗೆ ಅವನಿಟ್ಟ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ.

ಇಷ್ಟು ಭಾರದ ಯಂತ್ರವನ್ನು ರೋಗಿಯ ಬಳಿಗೆ ಒಯ್ಯುವಂತಿರಲಿಲ್ಲ. ಆದುದರಿಂದ 1905ರಲ್ಲಿ ಐಂತೋವನ್ನನು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ದೂರವಾಣಿಯ ತಂತಿಯ ಮೂಲಕ ರೋಗಿಗಳ ಹೃದಯದ ಸಂಕೇತಗಳನ್ನು ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡನು.

ಶೋಧ ಒಬ್ಬನದಾದರೂ ಅದರ ಲಾಭ ಯಾರದು ಎಂಬ ಪ್ರಶ್ನೆ ಅವನಿಗೂ ಎದುರಾಯಿತು. ಮ್ಯೂನಿಕ್ ನಗರದ ಎಡಲ್‌ಮನ್ ಎಂಬ ತಯಾರಕನು ಮಾರಿದ ಪ್ರತಿಯೊಂದು ಯಂತ್ರಕ್ಕೂ ಹಣ ಕೊಡಲು ಒಪ್ಪಿ, ಕೆಲವು ವರ್ಷಗಳಲ್ಲಿಯೇ ಅದನ್ನು ನಿಲ್ಲಿಸಿಬಿಟ್ಟನು. ಐಂತೋವನ್ನನು ಎದೆಗುಂದಲಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ಕಂಪನಿಯು ಮುಂದೆ ಯಂತ್ರವನ್ನು ತಯಾರಿಸಿ ಆಸ್ಪತ್ರೆಗಳಿಗೆ ತಲಪಿಸಿತು.

1924ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆ ಸಂದರ್ಭದ ಉಪನ್ಯಾಸದಲ್ಲಿ ಅವನು, ಯಂತ್ರವನ್ನು ರೋಗಪರೀಕ್ಷೆಗೆ ಬಳಸಿ ತೋರಿಸಿದ ಲಂಡನ್ನಿನ ಥಾಮಸ್ ಲೂಯಿಸನನ್ನು ಕೃತಜ್ಞತೆಯಿಂದ ನೆನೆದನು. ಪ್ರಯೋಗಾಲಯದಲ್ಲಿ ತನ್ನೊಡನೆ ದುಡಿದು ತೀರಿಕೊಂಡಿದ್ದ ಸಹಾಯಕನ ಸೋದರಿಯರನ್ನು ಹುಡುಕಿ, ಬಹುಮಾನದ ಅರ್ಧ ಹಣವನ್ನು ಅವರಿಗೆ ಕೊಟ್ಟನೆಂದೂ ಹೇಳುತ್ತಾರೆ. 1927ರ ಸೆಪ್ಟೆಂಬರ್ 29ರಂದು ಲೈಡನ್ನಿನಲ್ಲಿ ಅವನು ನಿಧನನಾದನು.

ಇಂದು ಇ.ಸಿ.ಜಿ. ಯಂತ್ರ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. ಹೃದಯಾಘಾತವಾದಾಗ ಒಂದೊಂದು ನಿಮಿಷವೂ ಅಮೂಲ್ಯ. ಕೊಪ್ಪಳ ಜಿಲ್ಲೆಯ ಮರಳಿಯಂಥ ಊರುಗಳಿಗೆ ಬೆಂಗಳೂರಿನ ತಜ್ಞರು ಬಹು ದೂರ. ಈ ದೂರವನ್ನು ತಗ್ಗಿಸಲೆಂದೇ ಕರ್ನಾಟಕ ಸರ್ಕಾರವು 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ರೇಖೆಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕುಳಿತಲ್ಲಿಯೇ ಓದುವ ಏರ್ಪಾಡು ಅದರಲ್ಲಿದೆ. ಲೈಡನ್ನಿನಲ್ಲಿ ಒಂದೂವರೆ ಕಿಲೋಮೀಟರ್ ತಂತಿಯ ಮೇಲೆ ಹರಿದು ಬಂದ ಮಿಡಿತಕ್ಕೆ ಇಂದು ಊರು, ನಾಡುಗಳ ಎಲ್ಲೆಯೇ ಇಲ್ಲ.